ಕೊನೆಯ ಗಳಿಗೆಯಲ್ಲಿ ಸೋತವನು ನಾಯಕನಾಗುವುದು ಹೇಗೆ?

ಪ್ರಶ್ನೆ: ನಮ್ಮ ಸಭೆಯ ಭಾನುವಾರ ಶಾಲೆಯಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತೇನೆ. ಅವರಲ್ಲಿ ಹಲವರು ‘ದಿ ಲಾರ್ಡ್ ಆಫ್ ದಿ ರಿಂಗ್ಸ್’, ನಾರ್ನಿಯ ಕಥೆಗಳು, ಹ್ಯಾರಿ ಪಾಟರ್ ಇವುಗಳನ್ನು ಓದಿದ್ದಾರೆ, ಇಲ್ಲವೇ ಸಿನಿಮಾ ನೋಡಿದ್ದಾರೆ. ಮಾಟಮಂತ್ರದ ಕಥೆಗಳನ್ನು ಪಾಠದೊಳಗೆ ತರಬೇಡಿರೆಂದು ಸಭೆಯ ಹಿರಿಯರೊಬ್ಬರು ಹೇಳಿದರು. ಅದೇ ವಾರ ಒಬ್ಬ ಹುಡುಗ, “ಮೇಡಂ, ಫ್ರೋಡೊ ಕೊನೆಗೂ ಉಂಗುರವನ್ನು ಬೆಂಕಿಗೆ ಹಾಕಲೇ ಇಲ್ಲವಲ್ಲ. ಗೊಲ್ಲಮ್ ಕಾಲು ಜಾರಿದ್ದರಿಂದ ಕೆಲಸವಾಯಿತು. ಹಾಗಾದರೆ ಅವನು ಹೀರೋ ಹೇಗೆ?” ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಒಳ್ಳೆಯವರೇ ಸುಳ್ಳು ಹೇಳುವ, ಶತ್ರುವಿನ ಅಸ್ತ್ರವನ್ನೇ ಹಿಡಿಯುವ ಇಂತಹ ಕಥೆಗಳಿಂದ ಕ್ರೈಸ್ತ ನೀತಿಯನ್ನು ಕಲಿಸಲು ಸಾಧ್ಯವೇ?

ಉತ್ತರ: ನಿಮ್ಮ ವಿದ್ಯಾರ್ಥಿಯ ಪ್ರಶ್ನೆ ಆ ಕಾದಂಬರಿಯಷ್ಟೇ ಹಳೆಯದು. ಕಥೆ ತಿಳಿಯದವರಿಗಾಗಿ ಒಂದು ಮಾತು: ಫ್ರೋಡೊ ಒಬ್ಬ ಹಾಬಿಟ್, ಎಂದರೆ ಕುಳ್ಳ ಜನಾಂಗದವನು; ಶತ್ರುವಿನ ಕೇಡಿನ ಶಕ್ತಿ ತುಂಬಿದ ಉಂಗುರವನ್ನು ಬೆಂಕಿಯ ಬೆಟ್ಟದಲ್ಲಿ ಹಾಕಿ ನಾಶಮಾಡಲು ಹೊರಟವನು. ಗೊಲ್ಲಮ್ ಹಿಂದೆ ಅದೇ ಉಂಗುರವನ್ನು ಇಟ್ಟುಕೊಂಡು ಅದರ ಆಸೆಗೆ ಬಲಿಯಾದವನು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರನೆಯ ಸಂಪುಟ 1955ರ ಅಕ್ಟೋಬರಿನಲ್ಲಿ ಹೊರಬಂದಿತು. ಕೆಲವೇ ತಿಂಗಳಲ್ಲಿ ಓದುಗರೊಬ್ಬರು ಲೇಖಕ ಜೆ.ಆರ್.ಆರ್. ಟೋಲ್ಕಿನ್ ಅವರಿಗೆ ಪತ್ರ ಬರೆದು, ಫ್ರೋಡೊವನ್ನು ಸನ್ಮಾನಿಸುವುದರ ಬದಲು ದ್ರೋಹಿಯೆಂದು ಗಲ್ಲಿಗೇರಿಸಬೇಕಿತ್ತೆಂದು ಸಿಡಿಮಿಡಿಗೊಂಡಿದ್ದರು. ಟೋಲ್ಕಿನ್ ಅದನ್ನು ನಕ್ಕು ಬಿಡಲಿಲ್ಲ. ಮುಂದಿನ ಹಲವು ವರ್ಷ ಬೇರೆ ಬೇರೆ ಪತ್ರಗಳಲ್ಲಿ ಅದೇ ಪ್ರಶ್ನೆಗೆ ಮರಳಿ ಮರಳಿ ಬಂದರು. ಅವರು ಕೊಟ್ಟ ಉತ್ತರ ನನಗೆ ತಿಳಿದಂತೆ ಅಪ್ಪಟ ಕ್ರೈಸ್ತ ಉತ್ತರ. ಆದರೆ ಅಲ್ಲಿಗೆ ಹೋಗುವ ಮೊದಲು ನಿಮ್ಮ ಹಿರಿಯರ ಮಾತಿಗೆ ಸಲ್ಲಬೇಕಾದ ಗೌರವ ಸಲ್ಲಬೇಕು, ಏಕೆಂದರೆ ಅದು ಆಧಾರವಿಲ್ಲದ ಮಾತಲ್ಲ.

ಧರ್ಮೋಪದೇಶಕಾಂಡದ 18ನೆಯ ಅಧ್ಯಾಯ ಕಣಿ ಹೇಳುವುದನ್ನೂ, ಶಕುನ ನೋಡುವುದನ್ನೂ, ಮಾಟ ಮಾಡುವುದನ್ನೂ, ಸತ್ತವರನ್ನು ವಿಚಾರಿಸುವುದನ್ನೂ ಒಟ್ಟಿಗೇ ನಿಷೇಧಿಸುತ್ತದೆ. ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯದಲ್ಲಿ ಎಫೆಸದ ಜನರು ತಮ್ಮ ಮಾಟದ ಪುಸ್ತಕಗಳನ್ನು ಎಲ್ಲರ ಮುಂದೆ ಸುಟ್ಟುಹಾಕುತ್ತಾರೆ. ಅವುಗಳ ಬೆಲೆ 50,000 ಬೆಳ್ಳಿ ನಾಣ್ಯಗಳಾಗಿತ್ತೆಂದು ಲೂಕನು ಲೆಕ್ಕವನ್ನೂ ಕೊಡುತ್ತಾನೆ. ಇಷ್ಟು ಸ್ಪಷ್ಟವಾಗಿರುವಾಗ ಮಕ್ಕಳ ಕೈಯಲ್ಲಿ ಮಂತ್ರದಂಡದ ಕಥೆ ಕಂಡ ಹಿರಿಯರೊಬ್ಬರು ಹೆದರಿದರೆ ಅವರನ್ನು ಹಳೇ ಕಾಲದವರೆಂದು ತಳ್ಳಿಹಾಕುವುದು ಅನ್ಯಾಯ.

ಆದರೂ ಶಾಸ್ತ್ರ ಖಂಡಿಸುತ್ತಿರುವುದು ಏನನ್ನು ಎಂದು ಒಂದು ಹೆಜ್ಜೆ ಮುಂದೆ ಹೋಗಿ ಕೇಳಬೇಕು. ಸಮಾರ್ಯದ ಮಾಂತ್ರಿಕ ಸೀಮೋನನು ಅಪೊಸ್ತಲರ ಮುಂದೆ ಹಣವನ್ನಿಟ್ಟು, ಪವಿತ್ರಾತ್ಮವನ್ನು ಕೊಡುವ ಅಧಿಕಾರ ತನಗೂ ಬೇಕೆಂದು ಕೇಳುತ್ತಾನೆ. ಅವನು ಕೇಳಿದ್ದು ಕೆಟ್ಟದ್ದನ್ನಲ್ಲ, ಪವಿತ್ರವಾದುದನ್ನೇ. ಆದರೆ ಅದನ್ನು ತನ್ನ ಕೈಯಳತೆಯಲ್ಲಿ, ತನ್ನ ಇಷ್ಟದಂತೆ ಬಳಸುವ ಬಲವಾಗಿ ಕೇಳಿದ. ಪೇತ್ರನು ಅವನನ್ನು ಗದರಿಸಿದ್ದು ಆ ಕಾರಣಕ್ಕೆ. ದೇವರಿಂದ ಬೇಡಿ ಪಡೆಯಬೇಕಾದುದನ್ನು ಕಿತ್ತುಕೊಳ್ಳುವ, ಬೇರೆಯವರ ಮನಸ್ಸಿನ ಮೇಲೆ ಹಿಡಿತ ಸಾಧಿಸುವ ಹಂಬಲವೇ ಮಾಟದ ಬೇರು. ಟೋಲ್ಕಿನ್ 1951ರಲ್ಲಿ ಪ್ರಕಾಶಕರೊಬ್ಬರಿಗೆ ಬರೆದ ದೀರ್ಘ ಪತ್ರದಲ್ಲಿ ಮಾಟವನ್ನೂ ಯಂತ್ರವನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಎರಡೂ ಇತರರ ಇಚ್ಛೆಯನ್ನು ಅದುಮಿ ತನ್ನ ಇಚ್ಛೆಯನ್ನು ಥಟ್ಟನೆ ನಡೆಸಿಕೊಳ್ಳುವ ಆಸೆಯಿಂದ ಹುಟ್ಟುತ್ತವೆಂದು ವಿವರಿಸುತ್ತಾರೆ. ಅವರ ಕಥೆಯ ಉಂಗುರ ಆ ಆಸೆಯ ಮೂರ್ತಿ. ಅದನ್ನು ಹೇಗೆ ಗಳಿಸಬೇಕೆಂಬುದಲ್ಲ, ಹೇಗೆ ಕಳೆಯಬೇಕೆಂಬುದು ಇಡೀ ಕಥೆ. ನಿಮ್ಮ ಹಿರಿಯರೂ ಟೋಲ್ಕಿನ್ನರೂ ಹೆದರುವುದು ಒಂದೇ ಸಂಗತಿಗೆ ಎಂದು ಅವರಿಗೆ ಸಾವಧಾನವಾಗಿ ತಿಳಿಸಿ ನೋಡಿ.

ಕಲ್ಪಿತ ಕಥೆಯಿಂದ ನೀತಿಯನ್ನು ವಿಚಾರಿಸುವುದು ಸಭೆಗೆ ಹೊಸದೂ ಅಲ್ಲ. ಇಂಗ್ಲೆಂಡಿನ ಜಾನ್ ಬನ್ಯನನ ಯಾತ್ರಿಕನ ಕಥೆ 19ನೆಯ ಶತಮಾನದಲ್ಲೇ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಿತ್ತು. ಅದರಲ್ಲಿ ದೈತ್ಯರೂ ಇದ್ದಾರೆ, ರಾಕ್ಷಸನೊಡನೆ ಕತ್ತಿಕಾಳಗವೂ ಇದೆ. ಸತ್ಯವೇದದಲ್ಲಿಯೇ ಇದಕ್ಕಿಂತ ಹಳೆಯ ಉದಾಹರಣೆಯಿದೆ. ನ್ಯಾಯಸ್ಥಾಪಕರು ಪುಸ್ತಕದ 9ನೆಯ ಅಧ್ಯಾಯದಲ್ಲಿ ಯೋತಾಮನು ಬೆಟ್ಟದ ತುದಿಯಲ್ಲಿ ನಿಂತು ಮಾತನಾಡುವ ಮರಗಳ ಕಥೆಯೊಂದನ್ನು ಹೇಳುತ್ತಾನೆ. ಮರಗಳು ತಮಗೊಬ್ಬ ಅರಸ ಬೇಕೆಂದು ಎಣ್ಣೆಮರವನ್ನು, ಅಂಜೂರವನ್ನು, ದ್ರಾಕ್ಷಾಬಳ್ಳಿಯನ್ನು ಒಂದಾದ ಮೇಲೊಂದರಂತೆ ಕೇಳಿಕೊಳ್ಳುತ್ತವೆ. ಎಣ್ಣೆ, ಸಿಹಿ ಹಣ್ಣು, ದ್ರಾಕ್ಷಾರಸ ಕೊಡುವ ತಮ್ಮ ಕೆಲಸವನ್ನು ಬಿಟ್ಟು ಇತರ ಮರಗಳ ಮೇಲೆ ಓಲಾಡಲು ಅವು ಮೂರೂ ಒಪ್ಪುವುದಿಲ್ಲ. ಒಪ್ಪುವುದು ಮುಳ್ಳಿನ ಪೊದೆ ಮಾತ್ರ. ಅದು ತನ್ನ ನೆರಳಿನಲ್ಲಿ ಆಶ್ರಯ ಪಡೆಯಿರಿ, ಇಲ್ಲವಾದರೆ ನನ್ನಿಂದ ಬೆಂಕಿ ಹೊರಟು ಲೆಬನೋನಿನ ದೇವದಾರುಗಳನ್ನು ಸುಡಲಿ ಎನ್ನುತ್ತದೆ. ಮುಳ್ಳಿನ ಪೊದೆಗೆ ಎಂತಹ ನೆರಳು! ಎಪ್ಪತ್ತು ಮಂದಿ ಸಹೋದರರನ್ನು ಕೊಲ್ಲಿಸಿ ಅರಸನಾದ ಅಬೀಮೆಲೆಕನನ್ನು ಇದಕ್ಕಿಂತ ಚೆನ್ನಾಗಿ ಯಾವ ಉಪದೇಶವೂ ಅಳೆಯಲಾರದು. ಉಂಗುರವನ್ನು ಕೈಗೆ ಕೊಟ್ಟರೂ ಬೇಡವೆನ್ನುವ ಟೋಲ್ಕಿನ್ನರ ಪಾತ್ರಗಳನ್ನು ಓದುವಾಗಲೆಲ್ಲ ನನಗೆ ಈ ಮೂರು ಮರಗಳು ನೆನಪಾಗುತ್ತವೆ.

ಇನ್ನು ಇಂತಹ ಕಥೆಗಳನ್ನು ಅಳೆಯುವ ಮಾನದಂಡ ಯಾವುದು? ಸ್ಕಾಟ್ಲೆಂಡಿನ ಸಭಾಪಾಲಕರೂ ಕಥೆಗಾರರೂ ಆಗಿದ್ದ ಜಾರ್ಜ್ ಮ್ಯಾಕ್‌ಡೊನಾಲ್ಡ್ 1893ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಅದನ್ನು ಹೇಳಿಟ್ಟಿದ್ದಾರೆ. ಕಥೆಗಾರನು ಹೊಸ ಲೋಕವನ್ನು ಕಟ್ಟುವಾಗ ಪ್ರಕೃತಿಯ ನಿಯಮಗಳನ್ನು ತನಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದು. ನೀತಿಯ ನಿಯಮಗಳನ್ನು ಮಾತ್ರ ಬದಲಾಯಿಸುವಂತಿಲ್ಲ, ಇಲ್ಲಿಂದ ಅವುಗಳನ್ನು ಹೊತ್ತುಕೊಂಡೇ ಅಲ್ಲಿಗೆ ಹೋಗಬೇಕು. ಮರ ಮಾತನಾಡಬಹುದು, ಸಿಂಹ ಹಾಡಬಹುದು, ಆದರೆ ದ್ರೋಹ ಆ ಲೋಕದಲ್ಲಿಯೂ ದ್ರೋಹವೇ. ನಾರ್ನಿಯ ಕಥೆಗಳನ್ನು ಬರೆದ ಸಿ.ಎಸ್. ಲೂಯಿಸ್ ಮ್ಯಾಕ್‌ಡೊನಾಲ್ಡರನ್ನು ತಮ್ಮ ಗುರುವೆಂದೇ ಕರೆಯುತ್ತಿದ್ದರು. ಮಾಟ ಇದೆಯೋ ಇಲ್ಲವೋ ಎಂದು ಪುಟ ತಿರುವಿ ನೋಡುವುದಕ್ಕಿಂತ, ಒಳ್ಳೆಯದನ್ನು ಕೆಟ್ಟದ್ದೆಂದೂ ಕೆಟ್ಟದ್ದನ್ನು ಒಳ್ಳೆಯದೆಂದೂ ಕಥೆ ಎಲ್ಲಾದರೂ ಹೆಸರು ಬದಲಿಸಿದೆಯೇ ಎಂದು ನೋಡುವುದು ಹೆಚ್ಚು ಕಷ್ಟದ, ಹೆಚ್ಚು ಉಪಯೋಗದ ಪರೀಕ್ಷೆ.

ಈ ಪರೀಕ್ಷೆಯನ್ನು ಹ್ಯಾರಿ ಪಾಟರ್‌ಗೆ ಹಚ್ಚಿ ನೋಡಿ. ಅಲ್ಲಿನ ಮಾಂತ್ರಿಕತೆ ಹುಟ್ಟಿನಿಂದ ಬಂದ ಸಾಮರ್ಥ್ಯವಾದ್ದರಿಂದ ಅದು ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. 2007ರಲ್ಲಿ ಬಂದ ಕೊನೆಯ ಪುಸ್ತಕದಲ್ಲಿ ಸಮಾಧಿಕಲ್ಲುಗಳ ಮೇಲೆ ಮತ್ತಾಯನ ಸುವಾರ್ತೆಯ ಮತ್ತು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ವಾಕ್ಯಗಳೇ ಕೆತ್ತಿರುತ್ತವೆ. ನನ್ನನ್ನು ಕಾಡುವುದು ಅದೇ ಪುಸ್ತಕದ ಇನ್ನೊಂದು ಪ್ರಸಂಗ. ಕ್ಷಮೆಯೇ ಇಲ್ಲದ ಶಾಪಗಳೆಂದು ಮೊದಲು ನಮಗೆ ಪರಿಚಯಿಸಿದ ಮೂರರಲ್ಲಿ ಚಿತ್ರಹಿಂಸೆಯ ಶಾಪವನ್ನು, ತನ್ನ ಶಿಕ್ಷಕಿಯ ಮುಖಕ್ಕೆ ಉಗುಳಿದವನ ಮೇಲೆ ಕಥಾನಾಯಕನೇ ಪ್ರಯೋಗಿಸುತ್ತಾನೆ. ಶಿಕ್ಷಕಿ ಅದನ್ನು ಮೆಚ್ಚಿಯೇ ಮಾತನಾಡುತ್ತಾರೆ. ಆ ಪುಟದಲ್ಲಿ ಯಾರೂ ಬೆಚ್ಚುವುದಿಲ್ಲ, ಮುಂದೆ ಯಾರೂ ಅದನ್ನು ನೆನೆಯುವುದೂ ಇಲ್ಲ. ಪುಸ್ತಕವನ್ನು ದೂರವಿಡಲು ಇದು ಸಾಕಾದ ಕಾರಣವಲ್ಲ. ಆದರೆ ತರಗತಿಯಲ್ಲಿ ನಿಲ್ಲಿಸಿ, ಇಲ್ಲಿ ಕಥೆ ತನ್ನದೇ ನಿಯಮವನ್ನು ಮರೆಯಿತೇ ಎಂದು ಕೇಳಲು ಸಾಕಾದ ಕಾರಣ. ಮಕ್ಕಳು ಸುಲಭವಾಗಿ ಒಪ್ಪುವುದಿಲ್ಲ, ವಾದಿಸುತ್ತಾರೆ. ವಾದಿಸಲಿ.

ಶತ್ರುವಿನ ಅಸ್ತ್ರವನ್ನೇ ಹಿಡಿದು ಶತ್ರುವನ್ನು ಗೆಲ್ಲುವ ವಿಚಾರವನ್ನು ಟೋಲ್ಕಿನ್ ಫ್ರೋಡೊನ ಜೊತೆ ಹೊರಟ ಯೋಧ ಬೋರೊಮಿರ್‌ನ ಬಾಯಲ್ಲಿ ಇಡುತ್ತಾರೆ. ಅವನು ದುಷ್ಟನಲ್ಲ. ಅವನ ನಾಡು ಯುದ್ಧದಲ್ಲಿ ಕುಸಿಯುತ್ತಿದೆ, ಜನ ಸಾಯುತ್ತಿದ್ದಾರೆ, ಗೆಲ್ಲಿಸಬಲ್ಲ ವಸ್ತು ಒಬ್ಬ ಚಿಕ್ಕ ಹಾಬಿಟ್‌ನ ಕೊರಳಲ್ಲಿ ನೇತಾಡುತ್ತಿದೆ. ಅದನ್ನು ನಾಶ ಮಾಡಲು ಹೊರಟವರೇ ಹುಚ್ಚರೆಂದು ಅವನಿಗೆ ತೋರುವುದು ಸಹಜ. ಒಳ್ಳೆಯದಾಗಲೆಂದು ಕೆಟ್ಟದ್ದನ್ನು ಮಾಡೋಣ ಎಂಬ ವಾದವನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಒಂದೇ ಮಾತಿನಲ್ಲಿ ತಿರಸ್ಕರಿಸುತ್ತಾನೆ; ಆ ವಾದ ಒಳಗಿನಿಂದ ಎಷ್ಟು ನ್ಯಾಯವಾಗಿ ಕಾಣುತ್ತದೆಂಬುದನ್ನು ಬೋರೊಮಿರ್ ತೋರಿಸುತ್ತಾನೆ. ಫ್ರೋಡೊಗೆ ದಾರಿ ತೋರುವ ಮಾಂತ್ರಿಕ ಗ್ಯಾಂಡಾಲ್ಫ್ ಉಂಗುರವನ್ನು ಬೇಡವೆನ್ನಲು ಕೊಡುವ ಕಾರಣ ಇನ್ನೂ ಸೂಕ್ಷ್ಮವಾದುದು. ಕ್ರೌರ್ಯದ ದಾರಿಯಿಂದ ಅಲ್ಲ, ದುರ್ಬಲರ ಮೇಲಿನ ಕನಿಕರದ ದಾರಿಯಿಂದಲೇ ಉಂಗುರ ತನ್ನ ಹೃದಯವನ್ನು ಹೊಗುತ್ತದೆಂದು ಅವನಿಗೆ ಗೊತ್ತು. ನಮ್ಮ ದೌರ್ಬಲ್ಯದ ಮೂಲಕ ಶೋಧನೆ ಬರುತ್ತದೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಸದ್ಗುಣದ ಮೂಲಕವೂ ಬರುತ್ತದೆಂದು ಹೇಳುವುದು ಅಪರೂಪ. ಬೋರೊಮಿರ್ ಮಾತ್ರ ಬಲವಂತದಿಂದ ಉಂಗುರ ಕಸಿಯಲು ಹೋಗಿ, ಕೂಡಲೇ ಎಚ್ಚೆತ್ತು ಅತ್ತು, ಇಬ್ಬರು ಚಿಕ್ಕವರನ್ನು ಕಾಪಾಡಲು ಮೈತುಂಬ ಬಾಣಗಳನ್ನು ತಿಂದು ಬೀಳುತ್ತಾನೆ. ಸಾಯುವ ಮುನ್ನ ಪಯಣದ ಸಂಗಾತಿ ಅರಗಾರ್ನ್ ಮುಂದೆ ತನ್ನ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ತಾನು ಸೋತೆನೆಂದು ಹೇಳಿದವನಿಗೆ, ಇಲ್ಲ, ನೀನು ಗೆದ್ದೆ ಎಂಬ ಉತ್ತರ ಸಿಗುತ್ತದೆ. ಟೋಲ್ಕಿನ್ ಕಥೋಲಿಕರು; ಪಾಪನಿವೇದನೆಯ ನೆರಳು ಆ ದೃಶ್ಯದ ಮೇಲಿದೆಯೆಂದು ನನಗೆ ಅನ್ನಿಸುತ್ತದೆ.

ಸುಳ್ಳಿನ ವಿಷಯದಲ್ಲಿ ಕ್ರೈಸ್ತ ಸಂಪ್ರದಾಯವೇ ಒಂದು ಮಾತಿನದಲ್ಲ. ಸುಳ್ಳು ಯಾವ ಕಾರಣಕ್ಕೂ ಸಲ್ಲದೆಂದು ಸಂತ ಅಗಸ್ಟಿನ್ ವಾದಿಸಿದರು. ಆದರೆ ಫರೋಹನಿಗೆ ಸುಳ್ಳು ಹೇಳಿ ಇಬ್ರಿಯ ಶಿಶುಗಳನ್ನು ಉಳಿಸಿದ ಸೂಲಗಿತ್ತಿಯರಿಗೆ ದೇವರು ಒಳ್ಳೆಯದನ್ನು ಮಾಡಿದನೆಂದು ವಿಮೋಚನಕಾಂಡ ಹೇಳುತ್ತದೆ. ಗೂಢಚಾರರನ್ನು ಅಡಗಿಸಿ ಸುಳ್ಳಾಡಿದ ರಾಹಾಬಳ ಹೆಸರು ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ನಂಬಿಕೆಯ ಸಾಕ್ಷಿಗಳ ಸಾಲಿನಲ್ಲಿದೆ. ಹಾಗಾಗಿ ಕಥೆಯ ಪಾತ್ರವೊಂದು ಸುಳ್ಳು ಹೇಳಿದೊಡನೆ ಪುಸ್ತಕ ಮುಚ್ಚಬೇಕಿಲ್ಲ. ಬೋರೊಮಿರ್‌ನ ತಮ್ಮ ಫಾರಮಿರ್ ಓರ್ಕ್ ಎಂಬ ವಿಕಾರ ಜೀವಿಯಂತಹ ಶತ್ರುವನ್ನೂ ತಾನು ಸುಳ್ಳಿನ ಬಲೆಯಲ್ಲಿ ಕೆಡವುವುದಿಲ್ಲ ಎನ್ನುತ್ತಾನೆ. ಆಶ್ಚರ್ಯವೆಂದರೆ ಅದಾದ ಸ್ವಲ್ಪ ಹೊತ್ತಿಗೇ, ಗೊಲ್ಲಮ್‌ನ ಜೀವ ಉಳಿಸುವುದಕ್ಕಾಗಿ ಫ್ರೋಡೊ ಅವನನ್ನು ನಂಬಿಸಿ ಕರೆತಂದು ಫಾರಮಿರ್‌ನ ಜನರ ಕೈಗೆ ಸಿಕ್ಕಿಬೀಳುವಂತೆ ಮಾಡಬೇಕಾಗುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಗೊಲ್ಲಮ್‌ಗೆ ಕಂಡದ್ದು ನಂಬಿಕೆದ್ರೋಹ, ಮತ್ತು ಅಲ್ಲಿಂದ ಮುಂದೆ ಅವನ ಮನಸ್ಸು ಮೊದಲಿನಂತಿರುವುದಿಲ್ಲ. ಸರಿಯಾದುದನ್ನೇ ಮಾಡಿದರೂ ಗಾಯ ಉಳಿಯಬಹುದೆಂದು ಟೋಲ್ಕಿನ್ ಯಾವ ವ್ಯಾಖ್ಯಾನವೂ ಇಲ್ಲದೆ ತೋರಿಸಿ ಮುಂದೆ ಸಾಗುತ್ತಾರೆ.

ಈಗ ಹುಡುಗನ ಪ್ರಶ್ನೆ. ಮೊದಲು ಅವನು ಪುಸ್ತಕವನ್ನು ಓದಿದ್ದಾನೋ 2003ರ ಸಿನಿಮಾವನ್ನು ನೋಡಿದ್ದಾನೋ ತಿಳಿದುಕೊಳ್ಳಿ, ಏಕೆಂದರೆ ಎರಡರ ಕೊನೆಯೂ ಬೇರೆ. ಸಿನಿಮಾದಲ್ಲಿ ಗೊಲ್ಲಮ್ ಫ್ರೋಡೊನ ಬೆರಳನ್ನು ಕಚ್ಚಿ ಉಂಗುರವನ್ನು ಕಿತ್ತುಕೊಂಡ ಮೇಲೆ ಫ್ರೋಡೊ ಎದ್ದು ಅವನ ಮೇಲೆರಗುತ್ತಾನೆ, ಹೊಯ್ದಾಟದಲ್ಲಿ ಇಬ್ಬರೂ ಅಂಚಿನಿಂದ ಉರುಳುತ್ತಾರೆ. ಪುಸ್ತಕದಲ್ಲಿ ಹಾಗಿಲ್ಲ. ಗೊಲ್ಲಮ್ ಉಂಗುರವನ್ನು ಎತ್ತಿ ಹಿಡಿದು, ಸಂತೋಷದಿಂದ ಕುಣಿಯುತ್ತ, ಒಂದು ಹೆಜ್ಜೆ ಹೆಚ್ಚು ಇಟ್ಟು ತಾನೇ ಬೀಳುತ್ತಾನೆ. ಸಿನಿಮಾ ಫ್ರೋಡೊಗೆ ಕೊನೆಯಲ್ಲಿ ಮಾಡಲು ಏನಾದರೊಂದು ಇರಲೆಂದು ಬಯಸಿತು. ಪುಸ್ತಕದ ತಿರುಳು ಇರುವುದೇ ಅವನು ಮಾಡಬಹುದಾದುದು ಏನೂ ಉಳಿದಿಲ್ಲ ಎಂಬುದರಲ್ಲಿ. ಪುಸ್ತಕದ ಫ್ರೋಡೊ ಆ ಬೆಂಕಿಯ ಅಂಚಿನಲ್ಲಿ ‘ನನ್ನಿಂದ ಆಗದು’ ಎನ್ನುವುದಿಲ್ಲ. ಬಂದ ಕೆಲಸವನ್ನು ಮಾಡುವ ಆಯ್ಕೆಯನ್ನು ತಾನೀಗ ಮಾಡುವುದಿಲ್ಲ, ಉಂಗುರ ತನ್ನದು ಎನ್ನುತ್ತಾನೆ. ಆಯ್ಕೆ ಎಂಬ ಮಾತು ಅವನ ಬಾಯಲ್ಲಿ ಉಳಿದಿದೆ, ಆಯ್ಕೆ ಮಾಡುವ ಶಕ್ತಿ ಉಳಿದಿಲ್ಲ.

ಹಾಗಾದರೆ ಉಂಗುರ ನಾಶವಾದದ್ದು ಅದೃಷ್ಟದಿಂದಲೇ? ಗೊಲ್ಲಮ್ ಆ ಗಳಿಗೆಯಲ್ಲಿ ಅಲ್ಲಿರುವುದಕ್ಕೆ ಕಾರಣವೇನೆಂದು ಹುಡುಗನನ್ನೇ ಕೇಳಿ. ಅನೇಕ ವರ್ಷಗಳ ಹಿಂದೆ ಕತ್ತಲ ಗುಹೆಯಲ್ಲಿ ಫ್ರೋಡೊನ ಹಿರಿಯ ಬಂಧು ಬಿಲ್ಬೊ ಅವನನ್ನು ಕೊಲ್ಲಬಹುದಿತ್ತು, ಕನಿಕರ ಬಂದು ಕೊಲ್ಲಲಿಲ್ಲ. ಅದನ್ನು ಕೇಳಿದ ಫ್ರೋಡೊ ಕಥೆಯ ಆರಂಭದಲ್ಲಿ, ಅಯ್ಯೋ, ಆಗಲೇ ಕೊಂದಿದ್ದರೆ ಒಳ್ಳೆಯದಿತ್ತಲ್ಲ ಎನ್ನುತ್ತಾನೆ. ಸತ್ತವರಲ್ಲಿ ಬದುಕಬೇಕಾಗಿದ್ದವರಿಗೆ ನೀನು ಜೀವ ಕೊಡಬಲ್ಲೆಯಾ, ಕೊಡಲಾರೆಯಾದರೆ ಮರಣದ ತೀರ್ಪಿಗೆ ಆತುರಪಡಬೇಡ ಎಂಬ ಅರ್ಥದಲ್ಲಿ ಗ್ಯಾಂಡಾಲ್ಫ್ ಅವನನ್ನು ತಿದ್ದುತ್ತಾನೆ. ಮುಂದೆ ಗೊಲ್ಲಮ್ ಕೈಗೆ ಸಿಕ್ಕಾಗ, ಈಗ ಅವನನ್ನು ಕಣ್ಣಾರೆ ಕಂಡ ಮೇಲೆ ನನಗೂ ಕನಿಕರವೆನಿಸುತ್ತದೆಂದು ಫ್ರೋಡೊ ಅವನನ್ನು ಬಿಡುತ್ತಾನೆ. ಕೊನೆಗೆ ಬೆಟ್ಟದ ಇಳಿಜಾರಿನಲ್ಲಿ ಫ್ರೋಡೊನ ಸೇವಕ ಸ್ಯಾಮ್ ಕತ್ತಿಯೆತ್ತಿದವನು ಹೊಡೆಯಲಾರದೆ ನಿಲ್ಲುತ್ತಾನೆ, ಏಕೆಂದರೆ ಸ್ವಲ್ಪ ಕಾಲ ಉಂಗುರದ ಭಾರ ಹೊತ್ತ ಅವನಿಗೆ ಗೊಲ್ಲಮ್‌ನ ನರಕ ಎಂತಹದೆಂದು ಮಬ್ಬಾಗಿ ತಿಳಿದಿದೆ. ಈ ಮೂವರಲ್ಲಿ ಒಬ್ಬರು ಕೈ ತಡೆಯದೆ ಹೋಗಿದ್ದರೂ, ಫ್ರೋಡೊ ಸೋತ ಗಳಿಗೆಯಲ್ಲಿ ಉಂಗುರವನ್ನು ಅವನಿಂದ ಕಿತ್ತುಕೊಳ್ಳುವವರು ಅಲ್ಲಿ ಯಾರೂ ಇರುತ್ತಿರಲಿಲ್ಲ. ಫ್ರೋಡೊ ಹಿಂದೆ ತೋರಿಸಿದ ದಯೆಯೇ, ಅವನು ತನ್ನನ್ನು ತಾನು ಉಳಿಸಿಕೊಳ್ಳಲಾರದ ಹೊತ್ತಿನಲ್ಲಿ ಅವನನ್ನು ಉಳಿಸಿತೆಂದು 1956ರ ಪತ್ರವೊಂದರಲ್ಲಿ ಟೋಲ್ಕಿನ್ ವಿವರಿಸುತ್ತಾರೆ. ಅದೇ ಪತ್ರದಲ್ಲಿ ಅವರು ನೆನೆಯುವುದು ಕರ್ತನ ಪ್ರಾರ್ಥನೆಯ ಮಾತನ್ನು: ನಮ್ಮನ್ನು ಶೋಧನೆಯೊಳಗೆ ಸೇರಿಸದೆ ಕೇಡಿನಿಂದ ನಮ್ಮನ್ನು ತಪ್ಪಿಸು.

ಇಲ್ಲಿ ನಿಮ್ಮ ಮಕ್ಕಳಲ್ಲಿ ಚುರುಕಾದವರು ಯಾರಾದರೂ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 10ನೆಯ ಅಧ್ಯಾಯವನ್ನು ತೆಗೆದು, ಶಕ್ತಿಗೆ ಮೀರಿದ ಶೋಧನೆಯನ್ನು ದೇವರು ಬರಗೊಡುವುದಿಲ್ಲವೆಂದು ಬರೆದಿದೆಯಲ್ಲ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ವಾಕ್ಯವನ್ನು ಪೂರ್ತಿ ಓದಿಸಿ: ಶೋಧನೆಯ ಜೊತೆಗೆ ತಪ್ಪಿಸಿಕೊಳ್ಳುವ ದಾರಿಯನ್ನೂ ದೇವರು ಸಿದ್ಧಮಾಡುತ್ತಾನೆಂದು ಅದು ಮುಂದುವರಿಯುತ್ತದೆ. ಆ ದಾರಿ ನಮ್ಮ ಸ್ವಂತ ಇಚ್ಛಾಬಲದೊಳಗೇ ಇರಬೇಕೆಂದು ಅಲ್ಲಿ ಹೇಳಿಲ್ಲ. ಫ್ರೋಡೊಗೆ ದಾರಿ ಬಂದದ್ದು ತಾನು ಕ್ಷಮಿಸಿದ ಶತ್ರುವಿನ ರೂಪದಲ್ಲಿ, ಅದೂ ಒಂದು ಬೆರಳಿನ ಬೆಲೆಗೆ. ಹೊರಲಾರದ ಹೊರೆಯನ್ನು ಎಲ್ಲರಿಗಾಗಿ ಹೊತ್ತು ಕುಸಿದವನಲ್ಲಿ ನೈತಿಕ ಪತನವನ್ನು ಟೋಲ್ಕಿನ್ ಕಾಣುವುದಿಲ್ಲ. ದೇಹ ಮುರಿಯುವಂತೆ ಮನಸ್ಸೂ ಮುರಿಯಿತೆಂದು ಅವರ ತೀರ್ಮಾನ. ಈ ತೀರ್ಮಾನವನ್ನು ನಾನು ಒಪ್ಪುತ್ತೇನೆ. ಆದರೆ ಫ್ರೋಡೊ ತಾನೇ ಅದನ್ನು ಒಪ್ಪಿದಂತೆ ಕಾಣುವುದಿಲ್ಲ. ಮನೆಗೆ ಮರಳಿದ ಮೇಲೂ ಅವನಿಗೆ ನೆಮ್ಮದಿಯಿಲ್ಲ, ವರ್ಷವರ್ಷವೂ ಹಳೆಯ ಗಾಯ ಮರುಕಳಿಸುತ್ತದೆ, ಕೊನೆಗೆ ಊರನ್ನೇ ಬಿಟ್ಟು ಹಡಗು ಹತ್ತುತ್ತಾನೆ. ಕ್ಷಮೆ ಸಿಕ್ಕ ಮೇಲೂ ವಾಸಿಯಾಗಲು ಕಾಲ ಬೇಕೆಂಬುದು ಸಭೆಯಲ್ಲಿ ಕೆಲಸ ಮಾಡುವ ನಿಮಗೆ ನಾನು ಹೇಳಬೇಕಾಗಿಲ್ಲ.

ಬಿಲ್ಬೊನ ಕನಿಕರದ ಬಗ್ಗೆ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಅವನ ಕಥೆಯನ್ನು ಹೇಳುವ ಟೋಲ್ಕಿನ್ನರ ಹಿಂದಿನ ಪುಸ್ತಕ ‘ದಿ ಹಾಬಿಟ್’ 1937ರಲ್ಲಿ ಪ್ರಕಟವಾದಾಗ ಆ ಕನಿಕರದ ದೃಶ್ಯ ಅದರಲ್ಲಿ ಇರಲೇ ಇಲ್ಲ. ಆ ಆವೃತ್ತಿಯ ಗೊಲ್ಲಮ್ ಒಗಟಿನ ಪಂದ್ಯದಲ್ಲಿ ಸೋತು, ಕೊಡಬೇಕಾಗಿದ್ದ ಉಂಗುರ ಸಿಗದೆ ಕ್ಷಮೆ ಕೇಳಿ, ಬಿಲ್ಬೊಗೆ ದಾರಿ ತೋರಿಸಿ ಬೀಳ್ಕೊಡುತ್ತಾನೆ. ದೊಡ್ಡ ಕಾದಂಬರಿಯನ್ನು ಬರೆಯುತ್ತ ಉಂಗುರದ ಸ್ವರೂಪ ಸ್ಪಷ್ಟವಾದ ಮೇಲೆ ಟೋಲ್ಕಿನ್ ಆ ಅಧ್ಯಾಯವನ್ನು ತಿದ್ದಿದರು. 1951ರ ಆವೃತ್ತಿಯಲ್ಲಿ ಮೊದಲ ಬಾರಿಗೆ ಬಿಲ್ಬೊ ಕತ್ತಿ ಹಿಡಿದು ನಿಂತು, ಎದುರಿಗಿರುವ ಒಂಟಿ ಜೀವದ ಬೆಳಕಿಲ್ಲದ ದಿನಗಳನ್ನು ಒಂದು ಕ್ಷಣ ಕಂಡು, ಕೊಲ್ಲದೆ ಹಾರಿ ಹೋಗುತ್ತಾನೆ. ಕಾದಂಬರಿ ಧಾರ್ಮಿಕ ಹಾಗೂ ಕಥೋಲಿಕ ಕೃತಿಯೆಂದೂ, ಮೊದಲು ತನಗರಿವಿಲ್ಲದೆ, ತಿದ್ದುವಾಗ ಅರಿವಿನಿಂದ ಹಾಗಾಯಿತೆಂದೂ 1953ರಲ್ಲಿ ಯೇಸುಸಭೆಗೆ ಸೇರಿದ್ದ ಮಿತ್ರರೊಬ್ಬರಿಗೆ ಅವರು ಬರೆದದ್ದು ಪ್ರಸಿದ್ಧವಾಗಿದೆ. ಉಂಗುರ ನಾಶವಾಗುವ ದಿನ ಮಾರ್ಚ್ 25, ಮರಿಯಮ್ಮನವರಿಗೆ ದೇವದೂತನು ಮಂಗಳವಾರ್ತೆ ತಿಳಿಸಿದ ಹಬ್ಬದ ದಿನ ಎಂಬುದನ್ನು ಅನೇಕರು ಎತ್ತಿ ತೋರಿಸುತ್ತಾರೆ. ಅದು ಸುಂದರವಾದ ಗುಟ್ಟು, ಅಷ್ಟೆ. ತಿದ್ದಿ ಸೇರಿಸಿದ ಆ ಕನಿಕರ ಮಾತ್ರ ಇಡೀ ಕಥೆಯ ಅಡಿಪಾಯವನ್ನೇ ಬದಲಿಸಿತು.

ನಾರ್ನಿಯ ಕಥೆಗಳು ಮಕ್ಕಳಿಗೆ ಹೆಚ್ಚು ಹತ್ತಿರ, ಆದ್ದರಿಂದ ಅಲ್ಲಿನ ಎರಡು ಆಯ್ಕೆಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ. 1950ರಲ್ಲಿ ಬಂದ ಮೊದಲ ಪುಸ್ತಕದಲ್ಲಿ ಎಡ್ಮಂಡ್ ಒಂದು ಪೆಟ್ಟಿಗೆ ಮಿಠಾಯಿಯ ಆಸೆಗೆ ಅಣ್ಣನನ್ನೂ ಅಕ್ಕತಂಗಿಯರನ್ನೂ ಮಾಟಗಾತಿಗೆ ಒಪ್ಪಿಸಲು ಹೊರಡುತ್ತಾನೆ. ಬ್ರಿಟನ್ನಿನಲ್ಲಿ ಮಿಠಾಯಿಯ ಮೇಲಿನ ಪಡಿತರ ನಿಯಂತ್ರಣ ಮುಗಿದದ್ದು 1953ರಲ್ಲಿ; ಆ ಪುಸ್ತಕವನ್ನು ಮೊದಲು ಓದಿದ ಮಕ್ಕಳಿಗೆ ಆ ಆಸೆ ಎಂತಹದೆಂದು ನಾಲಿಗೆಯಿಂದಲೇ ಗೊತ್ತಿತ್ತು. ದ್ರೋಹಿಯ ರಕ್ತ ತನಗೆ ಸಲ್ಲಬೇಕೆಂಬ ಮಾಟಗಾತಿಯ ವಾದವನ್ನು ಸಿಂಹ ಅಸ್ಲಾನ್ ತಳ್ಳಿಹಾಕುವುದಿಲ್ಲ, ನಿಯಮವನ್ನು ಅಳಿಸುವುದೂ ಇಲ್ಲ. ಎಡ್ಮಂಡ್‌ನ ಬದಲು ತಾನೇ ಹೋಗಿ ಸಾಯುತ್ತಾನೆ. ಇಷ್ಟನ್ನು ಎಲ್ಲ ಶಿಕ್ಷಕರೂ ಹೇಳುತ್ತಾರೆ. ಕಡಿಮೆ ಗಮನ ಸಿಗುವುದು ಅದಕ್ಕೆ ಮುಂಚಿನ ಚಿಕ್ಕ ಪ್ರಸಂಗಕ್ಕೆ. ಅಸ್ಲಾನ್ ಎಡ್ಮಂಡ್‌ನೊಡನೆ ಒಂಟಿಯಾಗಿ ನಡೆದಾಡುತ್ತ ಮಾತನಾಡುತ್ತಾನೆ, ಏನು ಮಾತನಾಡಿದನೆಂದು ಕಥೆ ಹೇಳುವುದಿಲ್ಲ, ಮರಳಿ ಬಂದಾಗ ಉಳಿದವರಿಗೆ ನಡೆದುದರ ಬಗ್ಗೆ ಇವನೊಡನೆ ಮಾತನಾಡುವ ಅಗತ್ಯವಿಲ್ಲ ಎನ್ನುತ್ತಾನೆ. 1954ರ ಇನ್ನೊಂದು ಪುಸ್ತಕದಲ್ಲಿ, ದೊಡ್ಡವನಾಗಿ ಅರಸನಾದ ಎಡ್ಮಂಡ್ ದ್ರೋಹಿಯೊಬ್ಬನ ವಿಚಾರಣೆಯಲ್ಲಿ, ದ್ರೋಹಿಯೂ ತಿದ್ದಿಕೊಳ್ಳಬಹುದು, ಅಂತಹ ಒಬ್ಬನನ್ನು ನಾನು ಬಲ್ಲೆ ಎಂಬಂತೆ ಹೇಳಿ ಸುಮ್ಮನಾಗುತ್ತಾನೆ.

ಎರಡನೆಯದು 1955ರ ಪುಸ್ತಕದ ಡಿಗೊರಿ ಎಂಬ ಹುಡುಗನದು; ನನ್ನ ಮಟ್ಟಿಗೆ ಲೂಯಿಸ್ ಬರೆದುದರಲ್ಲಿ ಅತ್ಯಂತ ಕಠಿಣವಾದ ಶೋಧನೆ. ತೋಟದಿಂದ ಒಂದು ಸೇಬನ್ನು ಕಿತ್ತು ತರಲು ಅವನನ್ನು ಕಳುಹಿಸಲಾಗಿದೆ. ಮನೆಯಲ್ಲಿ ತಾಯಿ ಸಾಯುವ ಸ್ಥಿತಿಯಲ್ಲಿದ್ದಾಳೆ. ಈ ಹಣ್ಣನ್ನು ಕದ್ದು ನೇರವಾಗಿ ತಾಯಿಗೆ ಕೊಡು, ಅವಳು ಬದುಕುತ್ತಾಳೆ, ಯಾರಿಗೂ ತಿಳಿಯುವುದಿಲ್ಲ ಎಂದು ಮಾಟಗಾತಿ ಹೇಳುತ್ತಾಳೆ. ಅವಳು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ: ಕದ್ದ ಹಣ್ಣೂ ಗುಣಪಡಿಸುತ್ತಿತ್ತು, ಆದರೆ ಆ ಬದುಕು ಇಬ್ಬರಿಗೂ ಸುಖ ಕೊಡುತ್ತಿರಲಿಲ್ಲವೆಂದು ಆಮೇಲೆ ತಿಳಿಯುತ್ತದೆ. ಡಿಗೊರಿ ಕದಿಯುವುದಿಲ್ಲ. ಮುಂದೆ ಬೇರೊಂದು ಹಣ್ಣು ಅವನಿಗೆ ಉಡುಗೊರೆಯಾಗಿ ಸಿಗುತ್ತದೆ, ಆದರೆ ಬೇಡವೆನ್ನುವ ಹೊತ್ತಿನಲ್ಲಿ ಅದು ಸಿಗುವುದೆಂದು ಅವನಿಗೆ ಗೊತ್ತಿಲ್ಲ. ಲೂಯಿಸ್ ತಾಯಿ 1908ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ ಒಂಬತ್ತು ವರ್ಷ; ತಾಯಿ ಗುಣವಾಗಲೆಂದು ಬಾಲಕ ಪ್ರಾರ್ಥಿಸಿದ್ದ. ನಿಮ್ಮ ತರಗತಿಯಲ್ಲಿ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಗುವಿದ್ದರೆ ಈ ಕಥೆಯನ್ನು ಎಚ್ಚರದಿಂದ ಎತ್ತಿಕೊಳ್ಳಿ. ವಿಧೇಯನಾದರೆ ತಾಯಿ ಬದುಕುತ್ತಾಳೆಂಬ ಪಾಠ ಅದರಿಂದ ಹೊರಟರೆ, ಅದು ಲೂಯಿಸ್ ಬದುಕಿಗೂ ಸುಳ್ಳು, ಸುವಾರ್ತೆಗೂ ಸುಳ್ಳು.

ಈ ಕಥೆಗಳ ದೋಷವನ್ನು ಮುಚ್ಚಿಡಬೇಕಿಲ್ಲ. ಟೋಲ್ಕಿನ್‌ನ ಓರ್ಕ್‌ಗಳನ್ನು ಎಷ್ಟು ಕೊಂದರೂ ಯಾರ ಮನಸ್ಸಾಕ್ಷಿಯೂ ಚುಚ್ಚುವುದಿಲ್ಲ. ಕೇಡಿಗೆ ಸೃಷ್ಟಿಸುವ ಶಕ್ತಿಯಿಲ್ಲ, ಇರುವುದನ್ನು ಕೆಡಿಸುವ ಶಕ್ತಿ ಮಾತ್ರವಿದೆ ಎಂಬ ಅಗಸ್ಟಿನ್‌ನ ಬೋಧನೆಯನ್ನು ಕಾದಂಬರಿಯೇ ಒಪ್ಪುತ್ತದೆ. ಹಾಗಿದ್ದರೆ ಓರ್ಕ್‌ಗಳಿಗೂ ಬಿಡುಗಡೆಯ ಸಾಧ್ಯತೆ ಇರಬೇಕಲ್ಲವೇ ಎಂಬ ತೊಡಕು ಟೋಲ್ಕಿನ್‌ರನ್ನು ಕೊನೆಯವರೆಗೂ ಕಾಡಿತು, ಬಗೆಹರಿಯಲಿಲ್ಲ. ನಾರ್ನಿಯದ ದಕ್ಷಿಣದ ಶತ್ರುಗಳಿಗೆ ಕಪ್ಪು ಮೈಬಣ್ಣವನ್ನೂ ಮುಂಡಾಸನ್ನೂ ತೊಡಿಸಿರುವುದು ನಮ್ಮ ಮಕ್ಕಳ ಕಣ್ಣಿಗೆ ಬೀಳದೆ ಇರದು. ಆದರೆ ಅದೇ ಜನಾಂಗದ ಎಮೆಥ್ ಎಂಬ ಯುವಕ ಜೀವನವಿಡೀ ಬೇರೆ ದೇವರನ್ನು ಸೇವಿಸಿದ್ದರೂ, ಅವನು ಸತ್ಯದಿಂದ ಮಾಡಿದ ಸೇವೆಯನ್ನೆಲ್ಲ ಅಸ್ಲಾನ್ ತನ್ನದೆಂದು ಸ್ವೀಕರಿಸುತ್ತಾನೆ. ಅವನ ಹೆಸರಿಗೆ ಇಬ್ರಿಯ ಭಾಷೆಯಲ್ಲಿ ಸತ್ಯ ಎಂದೇ ಅರ್ಥ. ಇದು ಸುವಾರ್ತೆಗೆ ಹೊಂದುತ್ತದೆಯೇ ಎಂಬುದರ ಮೇಲೆ ಕ್ರೈಸ್ತರೊಳಗೇ ತೀವ್ರ ಭಿನ್ನಾಭಿಪ್ರಾಯವಿದೆ. ಬೇರೆ ಧರ್ಮದ ನೆರೆಹೊರೆಯವರ ನಡುವೆ ಬೆಳೆಯುವ ನಿಮ್ಮ ಮಕ್ಕಳು ಆ ಅಧ್ಯಾಯವನ್ನು ಇಂಗ್ಲೆಂಡಿನ ಓದುಗರಿಗಿಂತ ಹತ್ತಿರದಿಂದ ಓದುತ್ತಾರೆ. ಸಭಾಪಾಲಕರೊಡನೆ ಮೊದಲೇ ಮಾತನಾಡಿಕೊಂಡು ಆಮೇಲೆ ತರಗತಿಗೆ ತನ್ನಿ.

ತರಗತಿಗೆ ಎಲ್ಲಿಂದ ಆರಂಭಿಸಬೇಕೆಂದು ನೀವು ಕೇಳುವುದಾದರೆ, ಬೆಂಕಿಯ ಬೆಟ್ಟದಿಂದ ಬೇಡ. ಅದಕ್ಕಿಂತ ಎಷ್ಟೋ ಮೊದಲು, ಶತ್ರುವಿನ ನಾಡಿಗೆ ಏರುವ ಮೆಟ್ಟಿಲುಗಳ ಮೇಲಿನ ಪ್ರಸಂಗವನ್ನು ಆರಿಸಿಕೊಳ್ಳಿ. ಗೊಲ್ಲಮ್ ಆಗಲೇ ದ್ರೋಹದ ಸಂಚನ್ನು ಹೂಡಿ ಮರಳಿದ್ದಾನೆ. ಸ್ಯಾಮ್‌ನ ತೊಡೆಯ ಮೇಲೆ ತಲೆಯಿಟ್ಟು ಫ್ರೋಡೊ ಮಲಗಿರುವುದನ್ನು ಕಂಡು ಅವನೊಳಗೆ ಏನೋ ಕರಗುತ್ತದೆ. ಮುದುಕನಂತೆ ಸೋತ ಮುಖದಿಂದ ಕೈಚಾಚಿ ಫ್ರೋಡೊನ ಮೊಣಕಾಲನ್ನು ಮೆಲ್ಲಗೆ ಮುಟ್ಟುತ್ತಾನೆ. ಎಚ್ಚರವಾದ ಸ್ಯಾಮ್ ಅವನನ್ನು ಕಳ್ಳನಂತೆ ಹೊಂಚು ಹಾಕುವವನೆಂದು ಗದರಿಸುತ್ತಾನೆ, ಗೊಲ್ಲಮ್‌ನ ಕಣ್ಣಿನ ಹಸಿರು ಮಿನುಗು ಮರಳುತ್ತದೆ, ಆ ಗಳಿಗೆ ಕಳೆದುಹೋಗುತ್ತದೆ. ಸ್ಯಾಮ್ ಒಡೆಯನನ್ನು ಕಾಯುತ್ತಿದ್ದ ನಿಷ್ಠಾವಂತ, ಅವನು ಸಂದೇಹಪಟ್ಟದ್ದಕ್ಕೆ ಕಾರಣವೂ ಇತ್ತು. ಆದರೂ ತನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ದುರಂತದ ಕ್ಷಣ ಬಹುಶಃ ಇದೇ ಎಂದು ಟೋಲ್ಕಿನ್ 1963ರ ಪತ್ರವೊಂದರಲ್ಲಿ ಬರೆದರು. ಆ ಪುಟವನ್ನು ನಿಮ್ಮ ಹುಡುಗನಿಂದಲೇ ಗಟ್ಟಿಯಾಗಿ ಓದಿಸಿ, ಸ್ಯಾಮ್ ಏನು ತಪ್ಪು ಮಾಡಿದ ಎಂದು ಕೇಳಿ, ಅವರು ಉತ್ತರ ಹುಡುಕುವವರೆಗೆ ನೀವು ಏನನ್ನೂ ಹೇಳಬೇಡಿ.